ರಸ್ತೆ ಕಡೆಯ ಹೊಳಪು

ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಚಂದ್ರಶೇಖರಯ್ಯನವರು ದಿನಾ ಬೆಳಿಗ್ಗೆ ತಮ್ಮ ಕಾರಿಗೆ ಸ್ನಾನ ಮಾಡಿಸುತ್ತಿದ್ದರು. ಸ್ನಾನ ಎನ್ನುವ ಮಾತು ಅವರದೇ. ತೊಳೆಯುವುದು ಎಂದು ಯಾರಾದರೂ ಅಂದರೆ ಅವರಿಗೆ ಬೇಸರ. ತೊಳೆಯುವುದು ಪಾತ್ರೆಯನ್ನು, ಎಮ್ಮೆಯನ್ನು. ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಧರಿಸಿ, ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ ಅವರು ಬೀದಿಗೆ ಬಂದರೆಂದರೆ ಪೇಟೆಯವರಿಗೆ ಗಂಟೆ ಆರೂವರೆ ಎಂದು ತಿಳಿಯುತ್ತಿತ್ತು.

ಎಂಟು ಕೊಡ ಬಾವಿ ನೀರು ಸುರಿದು, ಹಳೆಯ ಫ್ಲಾನೆಲ್ ಅಂಗಿಯಿಂದ ಒರೆಸಿದ ಮೇಲೆ ಮೇಣದ ಸರದಿ. ಮೊದಲೆಲ್ಲ ಬೆಂಗಳೂರಿನಿಂದ ತರಿಸಿದ ಡಬ್ಬಿಯ ಮೇಣ ಹಚ್ಚುತ್ತಿದ್ದರು. ಯುದ್ಧ ಬಂದು ಸೀಮೆಯ ಡಬ್ಬಿ ಬರುವುದು ನಿಂತಾಗ ಅವರು ಧೈರ್ಯಗೆಡಲಿಲ್ಲ. ಜೇನುಮೇಣವನ್ನು ತಮ್ಮದೇ ಅಂಗಡಿಯ ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ, ಎರಡು ಚಮಚ ಟರ್ಪೆಂಟೈನ್ ಬೆರೆಸಿ, ಹೊಸ ಮೇಣವನ್ನೇ ಕಂಡುಹಿಡಿದರು. ಇದನ್ನು ಸುತ್ತು ಸುತ್ತಾಗಿ ಹಚ್ಚಿ, ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಬಿಟ್ಟು, ಆಮೇಲೆ ಉಸಿರು ಬಿಗಿಹಿಡಿದು ಉಜ್ಜುತ್ತಿದ್ದರು. ಶನಿವಾರದ ಎಣ್ಣೆಸ್ನಾನವನ್ನು ತಾವು ಬಿಟ್ಟರೂ ಕಾರಿಗೆ ತಪ್ಪಿಸಿದವರಲ್ಲ. ಗಂಡನ ತಲೆಗೆ ಇಳಿಯದ ಎಣ್ಣೆ ಆ ಕಬ್ಬಿಣದ ಮೈಗೆ ಇಳಿಯುತ್ತಿದೆ ಎಂದು ಅವರ ಹೆಂಡತಿ ಸುವರ್ಣಮ್ಮ ಒಂದೆರಡು ಸಲ ಹೇಳಿ, ಆಮೇಲೆ ಹೇಳುವುದನ್ನೇ ಬಿಟ್ಟಿದ್ದರು.

ಹೊಳಪೇನೋ ಹೊಳಪೇ. ಸಂತೆಗೆ ಬಂದವರು ಅದರ ಬಾಗಿಲಿನ ಮುಂದೆ ನಿಂತು ರುಮಾಲು ಸರಿಪಡಿಸಿಕೊಳ್ಳುತ್ತಿದ್ದರು. ಹೆಂಗಸರು ಕುಂಕುಮ ತಿದ್ದಿಕೊಳ್ಳುತ್ತಿದ್ದರು. ಒಬ್ಬ ಕ್ಷೌರಿಕ ತನ್ನ ಪೆಟ್ಟಿಗೆಯನ್ನು ತಂದು ಮಡ್‌ಗಾರ್ಡಿನ ಎದುರಿಗೇ ಇಟ್ಟುಕೊಂಡು ಮೂರು ದಿನ ದುಡಿದ. ನಾಲ್ಕನೆಯ ದಿನ ಅವನನ್ನು ಎಬ್ಬಿಸಬೇಕಾಯಿತು. ಊರ ಬಸವ ಕೂಡ ಒಮ್ಮೆ ಬಂದು ಬಾನೆಟ್ಟಿನಲ್ಲಿ ತನ್ನ ಮುಖವನ್ನು ಕಂಡು, ಜಗಳಕ್ಕೆ ಹೋಗದೆ, ಅರ್ಧ ಗಂಟೆ ನೆಮ್ಮದಿಯಾಗಿ ನೋಡಿಕೊಂಡು ಹೋಯಿತು.

ಆದರೆ ಈ ಕಾರು ಓಡುತ್ತಿರಲಿಲ್ಲ. ಇದನ್ನು ನಾನು ಈಗಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಚಂದ್ರಶೇಖರಯ್ಯನವರು ಜನ್ಮದಲ್ಲಿ ಯಾರಿಗೂ ಹೇಳದೆ ಉಳಿಸಿಕೊಂಡದ್ದು ಇದೊಂದೇ ಮಾತು.

ನಲವತ್ತನೆಯ ಇಸವಿಯಲ್ಲಿ ಕಾಫಿ ತೋಟದ ದೊರೆಯೊಬ್ಬ ಊರು ಬಿಟ್ಟು ಹೋಗುವಾಗ ಅವರು ಅದನ್ನು ಕೊಂಡದ್ದು. ಒಂದು ವರ್ಷ ಓಡಿತು. ಆಮೇಲೆ ಪೆಟ್ರೋಲಿಗೆ ಕೂಪನ್ನು ಬಂತು; ಇಟ್ಟುಕೊಂಡಿದ್ದ ಡ್ರೈವರು ಮಿಲಿಟರಿ ಸೇರಿಕೊಂಡ. ಕೂಪನ್ನಿಗಾಗಿ ಚಂದ್ರಶೇಖರಯ್ಯನವರೂ ಅರ್ಜಿ ತರಿಸಿದರು. ಅದರಲ್ಲಿ ವಾಹನ ಯಾವ ಕೆಲಸಕ್ಕೆ ಬೇಕು ಎಂಬ ಒಂದು ಪ್ರಶ್ನೆ ಇತ್ತು. ಡಾಕ್ಟರುಗಳು ರೋಗಿಗಳೆಂದು ಬರೆಯುತ್ತಿದ್ದರು, ವಕೀಲರು ಕೋರ್ಟೆಂದು ಬರೆಯುತ್ತಿದ್ದರು. ಇವರ ಕೊಬ್ಬರಿ ತಿಪಟೂರಿಗೆ ಹೋಗುತ್ತಿದ್ದುದು ಎತ್ತಿನ ಗಾಡಿಯಲ್ಲಿ. ಮೂರು ದಿನ ಯೋಚಿಸಿ, ಸುಳ್ಳು ಬರೆಯಲು ಮನಸ್ಸು ಬಾರದೆ, ‘ಗೌರವಕ್ಕೆ’ ಎಂದು ಬರೆದರು. ಅರ್ಜಿ ಹಿಂದಕ್ಕೆ ಬಂದಾಗ ಆ ಪದದ ಕೆಳಗೆ ಕೆಂಪು ಶಾಯಿಯ ಗೆರೆ ಇತ್ತು. ಬೇರೇನೂ ಇರಲಿಲ್ಲ.

ಅಂದಿನಿಂದ ಕಾರು ಅಂಗಡಿಯ ಪಕ್ಕದ ಗೋಡೆಗೆ ಒತ್ತಿಕೊಂಡು, ತೆಂಗಿನ ಗರಿಯ ಚಪ್ಪರದ ಕೆಳಗೆ, ಬೀದಿಗೆ ಒಂದು ಮಗ್ಗುಲು ತೋರಿಸುತ್ತ ನಿಂತಿತು. ನಿಂತ ಮೇಲೆಯೇ ಸ್ನಾನ ಹೆಚ್ಚಾದದ್ದು.

ಈ ಕಥೆಯ ಕಷ್ಟವೆಲ್ಲ ಶುರುವಾದದ್ದು ಒಂದು ಸಂಜೆ. ಚಂದ್ರಶೇಖರಯ್ಯನವರು ಹಾಸನಕ್ಕೆ ಬಸ್ಸಿನಲ್ಲಿ ಹೋಗಿದ್ದರು. ಆಗಿನ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಹಿಂದೆ ಒಂದು ಒಲೆ. ಅದು ಮಂಕಾದಾಗಲೆಲ್ಲ ಬಸ್ಸು ನಿಲ್ಲುತ್ತಿತ್ತು, ದಿಣ್ಣೆ ಬಂದಾಗ ಪ್ರಯಾಣಿಕರು ಇಳಿದು ತಳ್ಳಬೇಕಾಗಿತ್ತು. ಆ ಸಂಜೆ ಕೆರೆಯ ಕೋಡಿಯ ಹತ್ತಿರ ಒಲೆಗೆ ಇದ್ದಿಲು ತುಂಬಲು ಬಸ್ಸು ನಿಂತಿತು. ಇವರು ಬೇಸತ್ತು ಅಲ್ಲೇ ಇಳಿದು, ನಡೆದುಕೊಂಡು ಮನೆಗೆ ಬಂದು, ಮನಸ್ಸಿನ ಸಮಾಧಾನಕ್ಕೆಂದು ಕಾರಿಗೆ ನಾಲ್ಕು ಕೊಡ ನೀರು ಹುಯ್ದರು. ಎದುರು ಮನೆಯ ತಿಮ್ಮಪ್ಪ ಅದೇ ಬಸ್ಸಿನ ಏಜೆಂಟು. ಆ ದಿನವೆಲ್ಲ ಊರಲ್ಲಿಲ್ಲದೆ ಆಗತಾನೆ ಬಂದಿದ್ದ ಅವನು ಬೀಡಿ ಹಚ್ಚಿಕೊಂಡು ಹತ್ತಿರ ಬಂದ.

"ಎತ್ಲಾಗಿಂದ ಬಂದ್ರಿ ಅಯ್ನೋರೆ?"

"ಹಾಸನದಿಂದ."

"ದಾರಿ ಎಂಗಿತ್ತು?"

"ಶಾಂತಿಗ್ರಾಮದವರ್ಗೂ ಪರವಾಗಿಲ್ಲ. ಅಲ್ಲಿಂದೀಚೆಗೆ ಬರೀ ಧೂಳು ಕಣಪ್ಪ."

ತಿಮ್ಮಪ್ಪ ಅವರ ಧೂಳು ಹಿಡಿದ ಕೋಟನ್ನು ನೋಡಿದ, ನೀರು ತೊಟ್ಟಿಕ್ಕುತ್ತಿದ್ದ ಕಾರನ್ನು ನೋಡಿದ, ತಲೆಯಾಡಿಸಿ ಹೋದ. ದೀಪ ಹಚ್ಚುವ ಹೊತ್ತಿಗೆ ಚಂದ್ರಶೇಖರಯ್ಯನವರು ಕಾರಿನಲ್ಲಿ ಹಾಸನಕ್ಕೆ ಹೋಗಿಬಂದ ಸಂಗತಿ ಪೇಟೆಗೆಲ್ಲ ತಿಳಿಯಿತು. ಅವರು ಸುಳ್ಳು ಹೇಳಿರಲಿಲ್ಲ. ನಿಜವನ್ನು ಪೂರ್ತಿ ಹೇಳುವ ಅವಕಾಶವನ್ನು ತಿಮ್ಮಪ್ಪ ಕೊಟ್ಟಿರಲಿಲ್ಲ, ಅಷ್ಟೆ.

ಮಾರನೆಯ ದಿನ ಅಂಗಡಿಗೆ ಬಂದವರು ಎರಡು ಪಟ್ಟು ಬಾಗಿ ನಮಸ್ಕಾರ ಮಾಡಿದರು. ಈ ಎರಡನೆಯ ಪಟ್ಟನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಮುಂದೆ ಹಾಸನಕ್ಕೆ ಹೋಗುವಾಗಲೆಲ್ಲ ಅವರು ಬೆಳಗಿನ ಜಾವವೇ ಎದ್ದು, ಕಾರು ಕಾಣದಂತೆ ಚಪ್ಪರಕ್ಕೆ ಗೋಣಿಯ ಪರದೆ ಇಳಿಬಿಟ್ಟು, ಒಂದೂವರೆ ಮೈಲಿ ನಡೆದು ಕೋಡಿಯ ಹತ್ತಿರ ಬಸ್ಸು ಹತ್ತತೊಡಗಿದರು. ಬರುವಾಗಲೂ ಅಲ್ಲೇ ಇಳಿದರು. ಕಾರಿರುವವರು ಬಸ್ಸಿಗೇಕೆ ಬಂದಿರಿ ಎಂದು ಕಂಡಕ್ಟರ್ ಲಕ್ಕಯ್ಯ ಕೇಳಿದಾಗ, ಡ್ರೈವರಿಗೆ ಜ್ವರ ಎಂದು ಹೇಳಿ ಅವನ ಕೈಗೆ ಒಂದು ಹೋಳು ಕೊಬ್ಬರಿ ಕೊಟ್ಟರು. ಆ ಜ್ವರ ಒಂದು ವರ್ಷವಾದರೂ ಇಳಿಯಲಿಲ್ಲ. ಲಕ್ಕಯ್ಯ ಕೊಬ್ಬರಿ ತಿನ್ನುತ್ತ ಡ್ರೈವರಿನ ಬಗ್ಗೆ ಮರುಗುತ್ತಿದ್ದ.

ಮನೆಗೆ ಬಂದ ಮೇಲೆ ಅವರು ಕಾರನ್ನು ತೊಳೆಯಬೇಕು. ಆದರೆ ಕೊಳೆಯಾಗದ ಕಾರನ್ನು ತೊಳೆದರೆ ನೋಡುವವರು ಏನೆಂದಾರು? ಹಾಗಾಗಿ ಕೆರೆಯಂಚಿನಿಂದ ಒಂದು ಹಳೆಯ ಟವಲಿನಲ್ಲಿ ಹಸಿ ಕೆಸರು ಕಟ್ಟಿಕೊಂಡು ಬಂದು, ಯಾರೂ ಇಲ್ಲದ ಹೊತ್ತಿನಲ್ಲಿ ಚಕ್ರಕ್ಕೆ ಎರಚಿ, ಎಲ್ಲರೂ ಇರುವ ಹೊತ್ತಿನಲ್ಲಿ ಅದನ್ನು ತೊಳೆಯುತ್ತಿದ್ದರು. ಸುವರ್ಣಮ್ಮ ಇದನ್ನು ಅಡಿಗೆಮನೆಯ ಕಿಟಕಿಯಿಂದ ನೋಡಿ, ಮಗಳು ಪ್ರೇಮಕುಮಾರಿಯನ್ನು ಬೇಗ ಒಂದು ನೆಲೆಗೆ ಸೇರಿಸಬೇಕೆಂದು ನಿಶ್ಚಯಿಸಿದರು.

ನಲವತ್ತಮೂರನೆಯ ಇಸವಿಯ ಕೊನೆಯಲ್ಲಿ ಆ ಯೋಗವೂ ಕೂಡಿಬಂತು. ಅರಕಲಗೂಡಿನ ಜವಳಿ ವ್ಯಾಪಾರಿ ಪಂಚಾಕ್ಷರಯ್ಯನವರ ಮಗ ಗೌರೀಶಂಕರ ಬಿ.ಎ. ಮಾಡಿ ಸ್ಕೂಲು ಮೇಷ್ಟರಾಗಿದ್ದ. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು, ಜಾತಕಗಳೂ ಕೂಡಿದವು. ಪಂಚಾಕ್ಷರಯ್ಯನವರಿಂದ ಕಾಗದ ಬಂತು. ತಾವು, ತಮ್ಮ ತಾಯಿ ಬಸವಲಿಂಗಮ್ಮನವರು ಮತ್ತು ಹುಡುಗ, ಮುಂದಿನ ಸೋಮವಾರ ಹುಡುಗಿಯನ್ನು ನೋಡಲು ಬರುವುದಾಗಿಯೂ, ಚಂದ್ರಶೇಖರಯ್ಯನವರಲ್ಲಿ ಕಾರು ಇರುವ ವಿಷಯ ಹಾಸನದಲ್ಲಿ ಕೇಳಿ ಸಂತೋಷವಾಯಿತೆಂದೂ, ಹಿಂದಕ್ಕೆ ಹೋಗುವಾಗ ತಾಯಿಯವರನ್ನು ಅದರಲ್ಲಿ ಹಾಸನದವರೆಗೆ ಕಳಿಸಿಕೊಟ್ಟರೆ ಉಪಕಾರವಾಗುವುದೆಂದೂ ಬರೆದಿದ್ದರು. ಮನೆಯ ವಿಷಯದಲ್ಲಿ ಎಲ್ಲ ತಾಯಿಯವರು ಹೇಳಿದಂತೆಯೇ ನಡೆಯುವುದು ಎಂಬುದನ್ನೂ ಕೊನೆಗೆ ಸೇರಿಸಿದ್ದರು.

ನಿಜ ಬರೆದುಬಿಡಿ ಎಂದು ಸುವರ್ಣಮ್ಮ ಹೇಳಿದರು. ಚಂದ್ರಶೇಖರಯ್ಯನವರು ಒಪ್ಪಿಕೊಂಡು, ಕಾಗದ ಲೇಖನಿ ತಗೊಂಡು ಕುಳಿತು, ‘ಅದಕ್ಕೇನಂತೆ, ಅಗತ್ಯವಾಗಿ’ ಎಂದು ಬರೆದು ಅಂಚೆಗೆ ಹಾಕಿಬಂದರು. ಕೈ ತಾನಾಗಿಯೇ ಬರೆಯಿತು ಎಂದು ಆಮೇಲೆ ಹೇಳಿದರು.

ಅದೇ ವಾರ ಇನ್ನೊಂದು ಕಾಗದವೂ ಚನ್ನರಾಯಪಟ್ಟಣದಿಂದ ಹೊರಟಿತು. ಅದು ಮೂಗರ್ಜಿ, ಪೆಟ್ರೋಲ್ ಇನ್ಸ್‌ಪೆಕ್ಟರ್ ನಂಜಯ್ಯನವರ ಹೆಸರಿಗೆ ಬರೆದದ್ದು. ‘ಸದರಿ ಕಾರು ಕಣ್ಣು ಕೋರೈಸುವಂತೆ ಹೊಳೆಯುತ್ತಿದ್ದು, ಓಡದ ಕಾರನ್ನು ಬುದ್ಧಿ ಇರುವವರು ಯಾರೂ ದಿನಾ ತೊಳೆಯುವುದಿಲ್ಲವಾದ್ದರಿಂದ, ಇದು ಕಾಳಸಂತೆಯ ಪೆಟ್ರೋಲಿನಲ್ಲಿ ಓಡುತ್ತಿರುವುದು ಸ್ಪಷ್ಟವಾಗಿದೆ’ ಎಂದು ಅದರಲ್ಲಿತ್ತು. ಕೆಳಗೆ ‘ಊರಿನ ಹಿತೈಷಿ’ ಎಂಬ ಸಹಿ. ಅಕ್ಷರ ಬಸ್ಸಿನ ಚೀಟಿಯ ಅಕ್ಷರದಂತೆಯೇ ಇತ್ತೆಂದು ಆಮೇಲೆ ಕೆಲವರು ಹೇಳಿದರು. ತಿಮ್ಮಪ್ಪ ಅದನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಪೆಟ್ರೋಲಿಲ್ಲದೆ ಇದ್ದಿಲು ಊದಿ ಊದಿ ಕಣ್ಣು ಕೆಂಪಾದವನ ಸಂಕಟವನ್ನು ನಾವು ಅರ್ಥಮಾಡಿಕೊಳ್ಳಬೇಕು.

ಸೋಮವಾರ ಚಂದ್ರಶೇಖರಯ್ಯನವರು ಕಾರಿಗೆ ಮೂರು ಸಲ ಮೇಣ ಹಚ್ಚಿದರು. ಹತ್ತು ಗಂಟೆಗೆ ಅರಕಲಗೂಡಿನವರು ಹೊಳೆನರಸೀಪುರದ ಬಸ್ಸಿನಿಂದ ಇಳಿದು ಬಂದರು. ಪಂಚಾಕ್ಷರಯ್ಯನವರು ಒಳಗೆ ಬರುವ ಮೊದಲು ಕಾರಿನ ಬಾಗಿಲಿನಲ್ಲಿ ತಮ್ಮ ಪೇಟವನ್ನು ನೋಡಿಕೊಂಡು, ಇಂಥ ಹೊಳಪನ್ನು ತಾವು ಮೈಸೂರಿನಲ್ಲೂ ಕಂಡಿಲ್ಲವೆಂದರು. ಹುಡುಗ ನೆಲವನ್ನು ನೋಡುತ್ತ ಅವರ ಹಿಂದೆ ನಡೆದ. ಎಪ್ಪತ್ತು ದಾಟಿದ ಬಸವಲಿಂಗಮ್ಮನವರು ಮಾತ್ರ ಕಾರಿನ ಕಡೆ ಒಂದು ಸಲ ನೋಡಿ, ಮುಖ ತಿರುಗಿಸಿ ಒಳಗೆ ಹೋಗಿ ಕಂಬಕ್ಕೆ ಒರಗಿ ಕುಳಿತರು. ಉಪ್ಪಿಟ್ಟು ಕೊಟ್ಟರೆ ಮುಟ್ಟಲಿಲ್ಲ. ಕಾಫಿ ಕೊಟ್ಟರೆ ಬೇಡವೆಂದರು. ಹುಡುಗಿಯನ್ನು ಕರೆಯಲೇ ಎಂದು ಕೇಳಿದರೆ, ಇರಲಿ, ಅವಸರವೇನು ಎಂದರು. ಈ ಸಂಬಂಧ ಈಕೆಗೆ ಹಿಡಿಸಿಲ್ಲ ಎಂದು ಸುವರ್ಣಮ್ಮ ಅಡಿಗೆಮನೆಗೆ ಹೋಗಿ ಮಗಳಿಗೆ ಪಿಸುಗುಟ್ಟಿದರು.

ಈ ಹೊತ್ತಿಗೆ ಸರಿಯಾಗಿ ಜಗುಲಿಯ ಮೇಲೆ ಇನ್ಸ್‌ಪೆಕ್ಟರ್ ನಂಜಯ್ಯನವರು ಬಂದು ಕುಳಿತರು. ಖಾಕಿ ಕೋಟು, ತೊಡೆಯ ಮೇಲೆ ಪುಸ್ತಕ. ಕಾರನ್ನು ಅವರು ಆಗಲೇ ಬೀದಿಯಿಂದ ನೋಡಿದ್ದರು. ಅದರಲ್ಲಿ ತಮ್ಮ ಮುಖವನ್ನೂ ನೋಡಿದ್ದರು. ಮೂಗರ್ಜಿ ಬರೆದವನು ಬುದ್ಧಿವಂತ ಎಂದು ಅವರಿಗೆ ಅನ್ನಿಸಿತ್ತು. ಅವರು ತಾವು ಬಂದ ಕಾರಣ ತಿಳಿಸಿ, ಕಾಳಸಂತೆಯ ಪೆಟ್ರೋಲು ಸಾಬೀತಾದರೆ ಕಾರೂ ಹೋಗುತ್ತದೆ, ಮನುಷ್ಯನೂ ಜೈಲಿಗೆ ಹೋಗುತ್ತಾನೆ ಎಂದು ಸೌಮ್ಯವಾಗಿ ವಿವರಿಸಿ, ಈ ಕಾರು ಕೊನೆಗೆ ಓಡಿದ್ದು ಯಾವಾಗ ಎಂದು ಕೇಳಿದರು.

ಚಂದ್ರಶೇಖರಯ್ಯನವರು ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡು, ಇನ್ಸ್‌ಪೆಕ್ಟರ ಕಿವಿಯ ಹತ್ತಿರ ಬಾಗಿ, ಎರಡು ವರ್ಷದ ಹಿಂದೆ ಎಂದು ಪಿಸುಗುಟ್ಟಿದರು.

ಒಳಗಿನಿಂದ ಪಂಚಾಕ್ಷರಯ್ಯನವರ ಧ್ವನಿ ಕೇಳಿತು. "ಹಾಸನಕ್ಕೆ ಮೊನ್ನೆ ಯಾವಾಗ ಹೋಗಿದ್ರಿ ಅಂದ್ರಿ?"

"ಹೋದ ಗುರುವಾರ," ಎಂದು ಚಂದ್ರಶೇಖರಯ್ಯನವರು ಗಟ್ಟಿಯಾಗಿ ಹೇಳಿದರು.

ನಂಜಯ್ಯನವರು ಎರಡನ್ನೂ ಬರೆದುಕೊಂಡರು. ಕಾರು ಎಂದೂ ಅಲುಗುವುದಿಲ್ಲವೇ ಎಂದು ಅವರು ಕೇಳಿದರೆ, ಇವರು ಜಗುಲಿಯಲ್ಲಿ ಇಲ್ಲವೆಂದು ತಲೆಯಾಡಿಸಿದರು. ದಾರಿಯಲ್ಲಿ ಕುಲುಕುವುದಿಲ್ಲವಷ್ಟೆ ಎಂದು ಪಂಚಾಕ್ಷರಯ್ಯನವರು ಕೇಳಿದರೆ, ಒಳಕ್ಕೆ ಹೋಗಿ, ತೊಟ್ಟಿಲಿನ ಹಾಗೆ ಹೋಗುತ್ತದೆ ಎಂದು ಹೇಳಿಬಂದರು. ಹೀಗೆ ಐದಾರು ಸಲ ಹೊಸ್ತಿಲು ದಾಟಿ ಅವರ ಉಸಿರು ಸಿಕ್ಕಿಕೊಂಡಿತು. ಒಂದು ಸಲ ಅವಸರದಲ್ಲಿ ಉತ್ತರಗಳು ಅದಲುಬದಲಾಗಿ, ಇನ್ಸ್‌ಪೆಕ್ಟರಿಗೆ ತೊಟ್ಟಿಲಿನ ಮಾತನ್ನೂ ಪಂಚಾಕ್ಷರಯ್ಯನವರಿಗೆ ಎರಡು ವರ್ಷದ ಮಾತನ್ನೂ ಹೇಳಿಬಿಟ್ಟರು. ಇದರಿಂದ ಕುತೂಹಲಗೊಂಡ ಪಂಚಾಕ್ಷರಯ್ಯನವರು ಎದ್ದು, ಬಾಗಿಲು ತೆಗೆದು, ಜಗುಲಿಗೇ ಬಂದರು.

ಈಗ ಇಬ್ಬರೂ ಒಂದೇ ಕಡೆ. ಎದುರಿಗೆ ತಿಮ್ಮಪ್ಪ, ಪಕ್ಕದ ಮನೆಯ ಲಕ್ಕಮ್ಮ, ಕ್ಷೌರಿಕ, ಸಂತೆಗೆ ಬಂದ ಹತ್ತಿಪ್ಪತ್ತು ಮಂದಿ. ನಂಜಯ್ಯನವರು ಪುಸ್ತಕ ಮಡಿಸಿ, ಎಲ್ಲರಿಗೂ ಕೇಳುವಂತೆ ಒಂದೇ ಪ್ರಶ್ನೆ ಹಾಕಿದರು. "ಈ ಕಾರು ಓಡ್ತದೋ ಇಲ್ವೋ, ಅಷ್ಟು ಹೇಳಿಬಿಡಿ."

ಓಡುವುದಿಲ್ಲ ಎಂದರೆ ಜೈಲು ತಪ್ಪುತ್ತದೆ, ಸಂಬಂಧ ತಪ್ಪುತ್ತದೆ. ಓಡುತ್ತದೆ ಎಂದರೆ ಸಂಬಂಧ ಉಳಿದೀತು, ತಾವು ಮಾತ್ರ ಮದುವೆಗೆ ಇರುವುದಿಲ್ಲ. ಬಾಗಿಲ ಸಂದಿನಲ್ಲಿ ಸುವರ್ಣಮ್ಮನ ಮುಖ, ಅದರ ಹಿಂದೆ ಹೂ ಮುಡಿದು ನಿಂತ ಮಗಳ ಮುಖ ಕಂಡಿತು. ಚಂದ್ರಶೇಖರಯ್ಯನವರು ಪಂಚೆಯ ಅಂಚಿನಿಂದ ಕುತ್ತಿಗೆ ಒರೆಸಿಕೊಂಡರು.

"ಓಡ್ತದೆ ಸ್ವಾಮಿ."

ತಿಮ್ಮಪ್ಪನಿಗೆ ಬೀಡಿ ಕೈ ಸುಟ್ಟದ್ದು ತಿಳಿಯಲಿಲ್ಲ. ಪೆಟ್ರೋಲು ಎಲ್ಲಿಂದ ಎಂದು ಇನ್ಸ್‌ಪೆಕ್ಟರು ಕೇಳಿದರು. ಹಾಸನದಲ್ಲಿ ಒಬ್ಬ ಕೊಡುತ್ತಾನೆ ಎಂದು ಇವರು ಹೇಳಿದರು. ಹೆಸರು ಗೊತ್ತಿಲ್ಲ, ಅವನು ಮುಖಕ್ಕೆ ಟವಲು ಕಟ್ಟಿಕೊಂಡಿರುತ್ತಾನೆ. ಎಷ್ಟು ಕೊಂಡಿರಿ ಎಂದರೆ, ಹುಟ್ಟಿದಂದಿನಿಂದ ತೆಂಗಿನಕಾಯಿಯನ್ನು ನೂರರ ಲೆಕ್ಕದಲ್ಲಿ ಎಣಿಸಿ ಅಭ್ಯಾಸವಾದ ಬಾಯಿ, "ಒಂದು ಮುನ್ನೂರು," ಎಂದಿತು.

"ಮುನ್ನೂರು ಏನು?"

"ಗ್ಯಾಲನ್ನು."

ನಂಜಯ್ಯನವರ ಲೇಖನಿ ನಿಂತಿತು. ಅಷ್ಟು ಪೆಟ್ರೋಲನ್ನು ಅವರು ತಮ್ಮ ನೌಕರಿಯಲ್ಲಿ ಒಟ್ಟಿಗೆ ಕಂಡಿರಲಿಲ್ಲ. ಅವರ ಕಣ್ಣಿಗೆ ಬಡ್ತಿಯ ಕಾಗದವೂ ಬಹುಶಃ ಕಂಡಿರಬೇಕು. ಬಹಳ ಗೌರವದಿಂದ ಆ ಅಂಕಿಯನ್ನು ಬರೆದುಕೊಂಡರು.

ಆಗ ಜನರ ನಡುವಿನಿಂದ ಕಂಡಕ್ಟರ್ ಲಕ್ಕಯ್ಯ ನುಗ್ಗಿ ಬಂದ. ಇನ್ಸ್‌ಪೆಕ್ಟರು ಬಸ್ಸಿನಲ್ಲಿ ಬಿಟ್ಟುಬಂದಿದ್ದ ಕೊಡೆಯನ್ನು ಕೊಡಲು ಬಂದವನು, ನಡೆಯುತ್ತಿರುವುದನ್ನು ಎರಡು ನಿಮಿಷ ಕೇಳಿ, ತಡೆಯಲಾರದೆ ಬಾಯಿ ಹಾಕಿದ.

"ಸಾ, ಅಯ್ನೋರು ಯಾಕೋ ಎದ್ರಿಕೊಂಡವ್ರೆ. ಅವ್ರು ವಾರ ವಾರ ನಮ್ ಬಸ್ನಲ್ಲೇ ಬತ್ತಾರೆ ಕಣ್ ಸಾ. ದಿಣ್ಣೆ ಬಂದ್ರೆ ಎಲ್ರಿಗಿಂತ ಮುಂಚೆ ಇಳ್ದು ತಳ್ತಾರೆ. ಅವ್ರಂಗೆ ತಳ್ಳೋರು ಈ ರೂಟ್ನಲ್ಲೇ ಇಲ್ಲ."

ತಮ್ಮನ್ನು ಜೈಲಿನಿಂದ ಬಿಡಿಸಲು ಬಂದ ಈ ಒಬ್ಬನೇ ಒಬ್ಬ ಸಾಕ್ಷಿಯನ್ನು ಚಂದ್ರಶೇಖರಯ್ಯನವರು ಅಡಿಯಿಂದ ಮುಡಿಯವರೆಗೆ ನೋಡಿ, ಇವನ ಮುಖವನ್ನೇ ತಾವು ಈವರೆಗೆ ಕಂಡಿಲ್ಲವೆಂದು ಹೇಳಿದರು. ಲಕ್ಕಯ್ಯ ತನ್ನ ಕಿವಿಯನ್ನು ನಂಬಲಾರದೆ ಹಿಂದಕ್ಕೆ ಸರಿದು ನಿಂತ. ಒಂದು ವರ್ಷದ ಕೊಬ್ಬರಿಯ ಋಣ ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಹೇಳಿಕೆಗೆ ಸಹಿ ಆಯಿತು. ಕಾರನ್ನು ಜಪ್ತಿ ಮಾಡಲಾಗಿದೆ, ಈಗಲೇ ಅದನ್ನು ತಾಲ್ಲೂಕು ಕಚೇರಿಯ ಅಂಗಳಕ್ಕೆ ಓಡಿಸಿಕೊಂಡು ಬನ್ನಿ ಎಂದು ನಂಜಯ್ಯನವರು ಅಪ್ಪಣೆ ಮಾಡಿದರು. ಡ್ರೈವರಿಗೆ ಜ್ವರ ಎಂದು ಚಂದ್ರಶೇಖರಯ್ಯನವರು ಅಭ್ಯಾಸಬಲದಿಂದ ಹೇಳಿದರು. ಹೋದ ಗುರುವಾರ ಓಡಿಸಿದ್ದು ಯಾರೆಂದು ಇನ್ಸ್‌ಪೆಕ್ಟರು ಕೇಳಿದಾಗ, ನಾನೇ ಎನ್ನದೆ ಬೇರೆ ದಾರಿ ಇರಲಿಲ್ಲ. ಅವರು ಹೋಗಿ ಡ್ರೈವರಿನ ಜಾಗದಲ್ಲಿ ಕುಳಿತರು. ಅದುವರೆಗೆ ಅವರು ಅಲ್ಲಿ ಕುಳಿತವರಲ್ಲ. ಆ ಜಾಗವನ್ನು ಒರೆಸಿ ಮಾತ್ರ ಗೊತ್ತು. ಸ್ಟೀರಿಂಗ್ ಚಕ್ರವನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದರು. ಕೊನೆಗೆ ರಬ್ಬರ್ ಹಾರನ್ನು ಹಿಸುಕಿದರು. ಅದು ಗಂಭೀರವಾಗಿ ಕೂಗಿತು. ಮುಂದೆ ನಿಂತಿದ್ದವರು ದಾರಿ ಬಿಟ್ಟರು. ಕಾರು ಮಾತ್ರ ಬಿಟ್ಟ ದಾರಿಯನ್ನು ಉಪಯೋಗಿಸಿಕೊಳ್ಳಲಿಲ್ಲ.

ಹಾಗಾದರೆ ತಳ್ಳಿ ಎಂದರು ಇನ್ಸ್‌ಪೆಕ್ಟರು. ಹತ್ತು ಜನ ಕೈ ಹಾಕಿದರು, ಎಲ್ಲರಿಗಿಂತ ಮೊದಲು ತಿಮ್ಮಪ್ಪ. ನೀರು ಕುಡಿದ ಎಮ್ಮೆಯ ಹಾಗೆ ಕಾರು ಇದ್ದಲ್ಲೇ ಒಮ್ಮೆ ಹೂಂಕರಿಸಿ ಸುಮ್ಮನಾಯಿತು. ಮೇಣದ ಮೇಲೆ ಕೈಗಳು ಜಾರಿ ಇಬ್ಬರು ಮುಗ್ಗರಿಸಿದರು. ಮತ್ತೆ ಐದು ಜನ ಸೇರಿದರು. ಅಲುಗಲಿಲ್ಲ. ಬಸ್ಸು ತಳ್ಳಿಸುವುದರಲ್ಲಿ ಅನುಭವಸ್ಥನಾದ ಲಕ್ಕಯ್ಯ, ಎಲ್ಲೋ ಕಲ್ಲು ಸಿಕ್ಕಿಕೊಂಡಿರಬೇಕೆಂದು, ಕಾರಿಗೂ ಗೋಡೆಗೂ ನಡುವೆ ಇದ್ದ ಮೊಳದಗಲದ ಸಂದಿಗೆ ನುಸುಳಿದ. ಆಮೇಲೆ ಅವನ ತಲೆ ಮಾತ್ರ ಹೊರಗೆ ಬಂತು.

"ಸಾ," ಎಂದ, "ಈ ಕಡೀಕೆ ಒಸಿ ಬಂದು ನೋಡಿ."

ಚಂದ್ರಶೇಖರಯ್ಯನವರು ಎರಡು ವರ್ಷ ಸ್ನಾನ ಮಾಡಿಸಿದ್ದು, ಮೇಣ ಹಚ್ಚಿದ್ದು ರಸ್ತೆಯ ಕಡೆಯ ಮೈಗೆ ಮಾತ್ರ. ಗೋಡೆಯ ಕಡೆ ಯಾರು ನೋಡುತ್ತಾರೆ? ಆ ಸಂದಿಗೆ ಅವರು ಹೋದವರೂ ಅಲ್ಲ, ಹೊಟ್ಟೆ ಹಿಡಿಸುತ್ತಿರಲಿಲ್ಲ. ಅಲ್ಲಿ ಬಣ್ಣವೇ ಕಾಣದಂತೆ ಜೇಡ ಬಲೆ ಕಟ್ಟಿತ್ತು. ಸುವರ್ಣಮ್ಮನ ಹಿತ್ತಿಲಿನಿಂದ ಹರಿದುಬಂದ ಹೀರೆಬಳ್ಳಿ ಬಾಗಿಲಿನ ಹಿಡಿಗೆ ಸುತ್ತಿಕೊಂಡು ಎರಡು ಕಾಯಿಗಳನ್ನು ಇಳಿಬಿಟ್ಟಿತ್ತು. ಹಿಂದಿನ ಚಕ್ರ ಇರಬೇಕಾದ ಕಡೆ ಕೆಂಪು ಮಣ್ಣಿನ ಹುತ್ತ ಎದ್ದಿತ್ತು. ಎದೆಮಟ್ಟದ, ಮೂರು ಕೋಡಿನ ಒಳ್ಳೆಯ ಹುತ್ತ. ಅದು ಚಕ್ರವನ್ನು ನುಂಗಿ, ಮಡ್‌ಗಾರ್ಡನ್ನು ಅಪ್ಪಿ, ಕಾರನ್ನು ಭೂಮಿಗೆ ಕಚ್ಚಿಸಿಬಿಟ್ಟಿತ್ತು. ಹುತ್ತದ ತಲೆಗೆ ಅರಿಸಿನ ಕುಂಕುಮ ಬಿದ್ದಿತ್ತು.

ಪಕ್ಕದ ಮನೆಯ ಲಕ್ಕಮ್ಮ ಮುಂದೆ ಬಂದು, ತಾನು ಹೋದ ವರ್ಷದ ನಾಗರಪಂಚಮಿಯಿಂದಲೂ ಹಿತ್ತಿಲ ಕಡೆಯಿಂದ ಬಂದು ಅಲ್ಲಿಗೆ ಹಾಲೆರೆಯುತ್ತಿರುವುದಾಗಿಯೂ, ಅಯ್ಯನವರು ದೇವರಿಗಾಗಿಯೇ ಕಾರನ್ನು ತೆಗೆಯದೆ ಬಿಟ್ಟಿದ್ದಾರೆಂದು ನಂಬಿ ಅವರ ಮೇಲೆ ಬಹಳ ಭಕ್ತಿ ಇಟ್ಟುಕೊಂಡಿದ್ದುದಾಗಿಯೂ ತಿಳಿಸಿದಳು. ನಂಜಯ್ಯನವರು ಈ ಹೇಳಿಕೆಯನ್ನೂ ಬರೆದುಕೊಂಡರು. ಇಷ್ಟು ದೊಡ್ಡ ಹುತ್ತ ಏಳಲು ಎಷ್ಟು ಕಾಲ ಬೇಕೆಂದು ಕೇಳಿದರು. ಎರಡು ಮಳೆಗಾಲವಾದರೂ ಬೇಕೆಂದು ಆಕೆ ಹೇಳಿದಳು. ಇನ್ಸ್‌ಪೆಕ್ಟರು ನಿಟ್ಟುಸಿರು ಬಿಟ್ಟು, ಮುನ್ನೂರು ಗ್ಯಾಲನ್ನಿನ ಪುಟವನ್ನು ಅಡ್ಡ ಗೆರೆ ಎಳೆದು ಹೊಡೆದುಹಾಕಿ, ಸದರಿ ವಾಹನ ಚಲಿಸುವ ಸ್ಥಿತಿಯಲ್ಲಿ ಇಲ್ಲವೆಂದೂ, ಆಪಾದಿತನ ತಪ್ಪೊಪ್ಪಿಗೆಯನ್ನು ಯಾವ ಕಾರಣಕ್ಕೂ ನಂಬತಕ್ಕದ್ದಲ್ಲವೆಂದೂ ಷರಾ ಬರೆದರು.

ಜೈಲು ತಪ್ಪಿತು. ಆದರೆ ಚಂದ್ರಶೇಖರಯ್ಯನವರು ಕಾರಿನಿಂದ ಇಳಿಯಲಿಲ್ಲ. ಚಕ್ರವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನೇರವಾಗಿ ಮುಂದೆ ನೋಡುತ್ತ ಕುಳಿತಿದ್ದರು. ಪಂಚಾಕ್ಷರಯ್ಯನವರು ಹತ್ತಿರ ಬಂದು, ಓಡದ ಕಾರನ್ನು ಓಡುತ್ತದೆ ಎಂದು ಯಾಕೆ ಹೇಳಿದಿರಿ, ಜೈಲಿಗೆ ಹೋಗಿದ್ದರೆ ಏನು ಗತಿ ಎಂದು ತಗ್ಗಿದ ಧ್ವನಿಯಲ್ಲಿ ಕೇಳಿದರು.

"ಕಾರಿರೋರ ಮನೆ ಅಂತ ಬಂದಿದ್ರಿ," ಎಂದರು ಚಂದ್ರಶೇಖರಯ್ಯನವರು, ಅವರ ಕಡೆ ತಿರುಗದೆ. "ನಮ್ ಹುಡುಗಿ ಮುಖಾನೂ ನೋಡ್ದೆ ಎದ್ದು ಹೋಗ್ಬಿಟ್ಟೀರಿ ಅಂತ ಭಯ ಆಯ್ತು. ಅವಳು ಒಳ್ಳೇ ಹುಡುಗಿ. ಕಾರಿನ ತಪ್ಪು ಅವಳದಲ್ಲ."

ಅವ್ವನನ್ನು ಕೇಳಬೇಕು ಎಂದಷ್ಟೇ ಪಂಚಾಕ್ಷರಯ್ಯನವರು ಹೇಳಿದರು. ಕೇಳುವ ಕಷ್ಟ ಬರಲಿಲ್ಲ. ಬಸವಲಿಂಗಮ್ಮನವರು ಗದ್ದಲಕ್ಕೆ ತಾವೇ ಎದ್ದು, ಗೋಡೆ ಹಿಡಿದುಕೊಂಡು ಹೊರಗೆ ಬಂದಿದ್ದರು.

"ಏನಪ್ಪ, ಇದು ಓಡೋದೇ ಇಲ್ವಂತಾ?"

"ಇಲ್ಲ ಕಣವ್ವ," ಎಂದರು ಮಗ.

"ನಾವು ಹಾಸನಕ್ಕೆ ಇದ್ರಾಗೆ ಓಗಂಗಿಲ್ವಾ?"

"ಇಲ್ಲ."

ಮುದುಕಿ ಜಗುಲಿಯ ಅಂಚಿನ ಮೇಲೆ ಕುಳಿತು ದೀರ್ಘವಾಗಿ ಉಸಿರು ಬಿಟ್ಟರು. ಅವರ ತಂಗಿಯ ಮಗನೊಬ್ಬ ಯಾರದೋ ಕಾರಿನಲ್ಲಿ ಹೋಗಿ ಕೊಣನೂರಿನ ಹತ್ತಿರ ಹಳ್ಳಕ್ಕೆ ಉರುಳಿ, ಆರು ತಿಂಗಳು ಹಾಸಿಗೆ ಹಿಡಿದಿದ್ದನಂತೆ. ಕಾರಿನಲ್ಲಿ ಕಳಿಸಿಕೊಡುತ್ತಾರೆ ಎಂಬ ಕಾಗದ ಬಂದ ದಿನದಿಂದ ಅವರು ಸರಿಯಾಗಿ ಊಟ ಮಾಡಿರಲಿಲ್ಲ, ನಿದ್ದೆ ಮಾಡಿರಲಿಲ್ಲ. ಬೇಡವೆಂದರೆ ಬೀಗರ ಮನೆಯವರು ನೊಂದುಕೊಂಡಾರು. ಬರುತ್ತೇನೆಂದರೆ ಜೀವ ಉಳಿಯುವ ಭರವಸೆಯಿಲ್ಲ. ಇದನ್ನು ಅವರು ಹೇಳುವ ಹೊತ್ತಿಗೆ ಸುವರ್ಣಮ್ಮ ಬಾಗಿಲಿನಿಂದ ಹೊರಗೇ ಬಂದುಬಿಟ್ಟಿದ್ದರು.

"ಆ ಉಪ್ಪಿಟ್ಟು ಐತೇನವ್ವ?" ಎಂದು ಬಸವಲಿಂಗಮ್ಮನವರು ಕೇಳಿದರು.

ಉಪ್ಪಿಟ್ಟು ಬಿಸಿಮಾಡಿ ತರುವಷ್ಟರಲ್ಲಿ ಅವರು ಎದ್ದು ಕಾರಿನ ಹತ್ತಿರ ಹೋದರು. ಬಾಗಿಲನ್ನು ಬೆರಳಿನಿಂದ ಮುಟ್ಟಿ ನೋಡಿದರು. ಇಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಎಂದು ಮೆಚ್ಚಿ, ಚಂದ್ರಶೇಖರಯ್ಯನವರನ್ನು ಬಾಗಿಲು ತೆಗೆಯಲು ಹೇಳಿ, ಮಗ ಬೇಡವೆನ್ನುತ್ತಿದ್ದಂತೆಯೇ ಹಿಂದಿನ ಸೀಟಿಗೆ ಹತ್ತಿ ಕುಳಿತರು. ಕುಳಿತು, ಒಂದು ಸಲ ಮೇಲೆ ಕೆಳಗೆ ಕುಲುಕಿ ನೋಡಿ, ಈಗ ಹುಡುಗಿಯನ್ನು ಕಳಿಸಿ ಎಂದರು.

ಹೀಗೆ ಪ್ರೇಮಕುಮಾರಿಯನ್ನು ನೋಡುವ ಶಾಸ್ತ್ರ ಕಾರಿನಲ್ಲೇ ನಡೆಯಿತು. ಅವಳು ತಾಂಬೂಲದ ತಟ್ಟೆ ಹಿಡಿದು ಬೀದಿಗೆ ಬಂದಾಗ ಗೌರೀಶಂಕರ ತಲೆ ಎತ್ತುವ ಧೈರ್ಯ ಮಾಡಲಿಲ್ಲ. ಆದರೆ ಅವನು ಕಾರಿನ ಬಾಗಿಲಿನ ಎದುರಿಗೇ ನಿಂತಿದ್ದ. ಬಾಗಿಲಿನಲ್ಲಿ ಅವಳ ಮುಖ, ಮೂಗುಬೊಟ್ಟು, ತಡೆಹಿಡಿದ ನಗೆ ಎಲ್ಲ ಸ್ಪಷ್ಟವಾಗಿ ಕಂಡವು. ಅವಳಿಗೂ ಅವನು ಕಂಡ. ಅಷ್ಟು ಜನರ ನಡುವೆ ಇಬ್ಬರೂ ಒಬ್ಬರನ್ನೊಬ್ಬರು ಬೇಕಾದಷ್ಟು ಹೊತ್ತು ನೋಡಿಕೊಂಡರು. ಬೆಳಿಗ್ಗೆ ಮೂರು ಸಲ ಉಜ್ಜಿದ್ದರ ಫಲ ಇಷ್ಟಾದರೂ ಆಯಿತು.

ಅವಳು ಹತ್ತಿ ಅಜ್ಜಿಯ ಪಕ್ಕದಲ್ಲಿ ಕುಳಿತಳು. ಇನ್ಸ್‌ಪೆಕ್ಟರನ್ನು ಬಲವಂತ ಮಾಡಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಉಪ್ಪಿಟ್ಟು, ಕಾಫಿ ಕಿಟಕಿಯಿಂದ ಒಳಕ್ಕೆ ಹೋದವು. ಲಕ್ಕಯ್ಯನಿಗೆ ಎರಡು ತಟ್ಟೆ ಕೊಟ್ಟು ಚಂದ್ರಶೇಖರಯ್ಯನವರು ಅವನ ಕ್ಷಮೆ ಕೇಳಿದರು. ಅವನು, ಡ್ರೈವರಿನ ಜ್ವರ ಈಗ ಹೇಗಿದೆ ಎಂದಷ್ಟೇ ಕೇಳಿದ. ತಿಮ್ಮಪ್ಪ ಕರೆಯದಿದ್ದರೂ ಬಂದು, ಎಲ್ಲರಿಗಿಂತ ಹೆಚ್ಚಾಗಿ ಓಡಾಡಿ ನೀರು ಕೊಟ್ಟ. ಬಸವಲಿಂಗಮ್ಮನವರು ಹುಡುಗಿಯ ಕೈ ಹಿಡಿದುಕೊಂಡು ಹೆಸರು ಕೇಳಿದರು, ಓದು ಕೇಳಿದರು, ರಾಗಿಮುದ್ದೆ ಗಂಟಿಲ್ಲದೆ ತಿರುವಲು ಬರುತ್ತದೆಯೇ ಎಂದು ಕೇಳಿದರು. ಕೊನೆಗೆ ಚಂದ್ರಶೇಖರಯ್ಯನವರ ಬೆನ್ನು ತಟ್ಟಿ, ಹಾರನ್ನು ಒಂದು ಸಲ ಹೊಡೆಯಲು ಹೇಳಿ, ಫಾಲ್ಗುಣ ಮಾಸದಲ್ಲಿ ಮುಹೂರ್ತ ಇಡಿಸಿ ಎಂದರು.

ಒಂದು ಗಂಟೆಯ ಮೇಲೆ ಅವರು ಇಳಿದರು. ಮೊಮ್ಮಗ ಒಂದು ಕಡೆ, ಪ್ರೇಮಕುಮಾರಿ ಇನ್ನೊಂದು ಕಡೆ ಕೈ ಕೊಟ್ಟರು. ಅವರು ಸೊಂಟ ನೆಟ್ಟಗೆ ಮಾಡಿಕೊಂಡು, ಸೆರಗು ಕೊಡವಿಕೊಂಡು, ಸೇರಿದ್ದವರನ್ನೆಲ್ಲ ಒಮ್ಮೆ ನೋಡಿದರು.

"ಪ್ರಯಾಣ ಬಲು ಸುಖವಾಗಿತ್ತು ಕಣ್ರಪ್ಪ," ಎಂದರು. "ಎಲ್ಲೂ ಒಂದು ಚೂರೂ ಕುಲುಕಲಿಲ್ಲ."